ಕೋಚ್ ಆರಿಸುವ ಮುಂಚೆ: ಅವರು ಎಲ್ಲಿಂದ ಬಂದವರು, ಯಾಕೆ ಕಲಿಸುತ್ತಾರೆ?

ಆರು ವರ್ಷದಲ್ಲಿ ನನ್ನ ಮಗಳು ಮೂವರು ಬ್ಯಾಡ್ಮಿಂಟನ್ ಕೋಚ್‌ಗಳ ಹತ್ತಿರ ಕಲಿತಿದ್ದಾಳೆ. ಮಗ ಈಜು ಕಲಿತು ಬಿಟ್ಟ, ಈಗ ಕ್ರಿಕೆಟ್ ನೆಟ್ಸ್‌ಗೆ ಹೋಗುತ್ತಾನೆ. ಇದರಲ್ಲೆಲ್ಲ ನನ್ನ ಕೆಲಸ ಗಾಡಿ ಓಡಿಸುವುದು, ಫೀಸ್ ಕಟ್ಟುವುದು, ಕೋರ್ಟ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆಕಳಿಸುವುದು. ಆದರೆ ಅಷ್ಟು ಗಂಟೆ ಸುಮ್ನೆ ಕೂತರೆ ಏನಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ ಅಲ್ವಾ.

ನಾವು ಅಪ್ಪ ಅಮ್ಮಂದಿರು ಕೋಚ್ ಹತ್ತಿರ ಕೇಳುವುದು ಮೂರು ಪ್ರಶ್ನೆ. ಫೀಸ್ ಎಷ್ಟು, ಬ್ಯಾಚ್ ಎಷ್ಟು ಗಂಟೆಗೆ, ನೀವು ಯಾವ ಲೆವೆಲ್ ಆಡಿದ್ದೀರಿ. ಅದಕ್ಕಿಂತ ಮೊದಲು ತಿಳಿಯಬೇಕಾದ್ದು ಬೇರೆ ಇದೆ: ಇವರ ಮನೆ ಯಾವ ದುಡ್ಡಲ್ಲಿ ನಡೆಯುತ್ತದೆ, ದುಡ್ಡು ಬಿಟ್ಟರೆ ಇದರಿಂದ ಇವರಿಗೆ ಇನ್ನೇನು ಬೇಕು? ಏನು ಗೊತ್ತು ಅನ್ನುವುದನ್ನು ಸರ್ಟಿಫಿಕೇಟ್ ಹೇಳುತ್ತದೆ. ಜಿಟಿಜಿಟಿ ಮಳೆಯ ಬೆಳಗ್ಗೆ ಆರು ಗಂಟೆಗೆ ಮೂರೇ ಮಕ್ಕಳು ಬಂದಿರುವಾಗ ಹೇಗೆ ಕಲಿಸುತ್ತಾರೆ ಅನ್ನುವುದನ್ನು ಅದು ಹೇಳಲ್ಲ.

ಕೆಳಗೆ ಬರೆದಿರುವುದು ಹೆಚ್ಚಾಗಿ ಬೆಂಗಳೂರಿನ ಬ್ಯಾಡ್ಮಿಂಟನ್, ಕ್ರಿಕೆಟ್ ನೋಡಿ ಬರೆದದ್ದು. ಉಳಿದ ಊರು, ಉಳಿದ ಆಟಗಳಲ್ಲಿ ಫೀಸು, ಸೌಕರ್ಯ ಬೇರೆ ಇರಬಹುದು. ಮನುಷ್ಯರು ಹೆಚ್ಚು ಕಡಿಮೆ ಇವರೇ.

ದೊಡ್ಡ ಲೆವೆಲ್ ಆಡಿದವರು

ಎಲ್ಲರ ಕಣ್ಣು ಮೊದಲು ಹೋಗುವುದು ಇವರ ಮೇಲೆ. ಗೋಡೆ ತುಂಬ ಫೋಟೋ, ಕಪಾಟು ತುಂಬ ಕಪ್. ಇವರಲ್ಲಿ ಒಳ್ಳೆಯವರು ಸಿಕ್ಕರೆ ಅದಕ್ಕೆ ಸಾಟಿ ಇಲ್ಲ. 1980ರಲ್ಲಿ ಬ್ಯಾಡ್ಮಿಂಟನ್ನಿನ ದೊಡ್ಡ ಟೂರ್ನಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ 1994ರಲ್ಲಿ ವಿಮಲ್ ಕುಮಾರ್ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದರು. ಅಲ್ಲಿ ತರಬೇತಿ ಪಡೆದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು, ಮುಂದೆ ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದರು. ಸೈನಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು, ಸಿಂಧು 2016ರ ರಿಯೊದಲ್ಲಿ ಬೆಳ್ಳಿ ತಂದಾಗ ಇಬ್ಬರ ಬೆನ್ನಿಗೂ ಇದ್ದವರು ಗೋಪಿಚಂದ್. ಮುಂದೆ ಸೈನಾ ಬೆಂಗಳೂರಿಗೆ ಬಂದು ವಿಮಲ್ ಕುಮಾರ್ ಹತ್ತಿರ ಕಲಿತು 2015ರಲ್ಲಿ ವಿಶ್ವದ ನಂಬರ್ ಒನ್ ಆದರು.

ಈ ಕಥೆ ಕೇಳಿ ನಾವೇನು ಮಾಡುತ್ತೇವೆ? ಆಡಿದವರೆಲ್ಲ ಆಡಿಸಬಲ್ಲರು ಅಂದುಕೊಳ್ಳುತ್ತೇವೆ. ನಾನೂ ಅಂದುಕೊಂಡಿದ್ದೆ. ಮಗಳ ಎರಡನೇ ಕೋಚ್ ಹೆಸರಿದ್ದ ಆಟಗಾರರು. ಮೊದಲ ದಿನ ಅವರು ಹೊಡೆದ ಸ್ಮ್ಯಾಶ್ ನೋಡಿ ನನಗೇ ರೋಮಾಂಚನ. ಆಮೇಲೆ ಗೊತ್ತಾಯಿತು, ಅವರಿಗೆ ಅದನ್ನು ಹೇಗೆ ಹೊಡೆಯುತ್ತೇನೆ ಅಂತ ಹೇಳಲು ಬರುವುದಿಲ್ಲ. ಸಣ್ಣ ವಯಸ್ಸಿನಲ್ಲೇ ಕೈಗೆ ಬಂದುಬಿಟ್ಟದ್ದನ್ನು ಬಿಡಿಸಿ ಹೇಳುವುದು ಕಷ್ಟ. "ಹೀಗೆ ಹೊಡಿ" ಅಂತ ತೋರಿಸುತ್ತಿದ್ದರು. ಮಗು ಹಾಗೆ ಹೊಡೆಯಲಾಗದೆ ನಿಂತರೆ ಇನ್ನೊಮ್ಮೆ "ಹೀಗೆ" ಅನ್ನುತ್ತಿದ್ದರು. ಎರಡನೇ ತಿಂಗಳಿಗೆ ಒಂಬತ್ತು ವರ್ಷದ ಹುಡುಗಿಗೆ ಎಂಟೂವರೆ ಸಾವಿರದ ರ‍್ಯಾಕೆಟ್ ತೆಗೆದುಕೊಳ್ಳಬೇಕು, ಅದೂ ಇಂಥದ್ದೇ ಅಂಗಡಿಯಲ್ಲಿ ಅಂದರು. ಗಟ್ಟಿಂಗ್, ಅಂದರೆ ರ‍್ಯಾಕೆಟ್ ತಂತಿಯ ಬಿಗಿತ, 28 ಪೌಂಡ್. ಮೂರು ವಾರಕ್ಕೆ ಭುಜ ನೋವು ಶುರುವಾಯಿತು. ಆಮೇಲೆ ಬೇರೆಯವರ ಹತ್ತಿರ ವಿಚಾರಿಸಿದರೆ, ಈ ವಯಸ್ಸಿಗೆ 20, 22 ಸಾಕಾಗಿತ್ತಂತೆ.

ಅವರು ಕೆಟ್ಟವರು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆಡುವ ದಿನ ಮುಗಿದಿತ್ತು, ಕೆಲಸ ಇರಲಿಲ್ಲ, ಗೊತ್ತಿದ್ದದ್ದು ಇದೊಂದೇ. ಅವರಿಗೆ ಬೇಕಿದ್ದದ್ದು ತಮ್ಮ ಹೆಸರು ಹೇಳಿಕೊಂಡು ಗೆಲ್ಲುವ ಇಬ್ಬರು ಮೂವರು ಮಕ್ಕಳು. ಆ ಮೂವರಿಗೆ ಅವರು ಜೀವ ಕೊಟ್ಟು ಕಲಿಸುತ್ತಿದ್ದರು, ನಾನೇ ನೋಡಿದ್ದೇನೆ. ನನ್ನ ಮಗಳು ನಾಲ್ಕನೆಯವಳಾಗಿದ್ದಳು ಅಷ್ಟೇ.

ಹೀಗಾಗಿ ದೊಡ್ಡ ಹೆಸರಿನವರ ಹತ್ತಿರ ಹೋಗುವುದಾದರೆ, ಅಲ್ಲಿ ಗೆಲ್ಲುವ ಮಕ್ಕಳನ್ನು ನೋಡಬೇಡಿ. ಹಿಂದಿನ ಕೋರ್ಟಿನಲ್ಲಿರುವ ಸಾಧಾರಣ ಮಕ್ಕಳಿಗೆ ಯಾರು ಕಲಿಸುತ್ತಿದ್ದಾರೆ ನೋಡಿ. ಬಹಳ ಸಲ ಬೋರ್ಡಿನಲ್ಲಿ ಒಬ್ಬರ ಹೆಸರು, ಕೋರ್ಟಿನಲ್ಲಿ ಇನ್ನೊಬ್ಬರ ಮುಖ.

ಇನ್ನೊಂದು ಮಾತು. "ನ್ಯಾಷನಲ್ಸ್ ಆಡಿದ್ದೇನೆ" ಅಂದರೆ ಯಾವ ನ್ಯಾಷನಲ್ಸ್ ಅಂತ ಕೇಳಿ. ಫೆಡರೇಶನ್ ನಡೆಸುವ ಚಾಂಪಿಯನ್‌ಶಿಪ್ ಬೇರೆ, ಶಾಲಾ ಮಕ್ಕಳ ರಾಷ್ಟ್ರೀಯ ಕೂಟ ಬೇರೆ, ಅಂತರ ವಿಶ್ವವಿದ್ಯಾಲಯ ಬೇರೆ. ಮಾನ್ಯತೆಯೇ ಇಲ್ಲದ ಸಂಸ್ಥೆಗಳು ಎಂಟ್ರಿ ಫೀಸ್ ತೆಗೆದುಕೊಂಡು ನಡೆಸುವ "ನ್ಯಾಷನಲ್ಸ್" ಇನ್ನೂ ಬೇರೆ. ಕ್ರಿಕೆಟ್‌ನಲ್ಲಾದರೆ "ಡಿವಿಷನ್ ಆಡಿದ್ದೇನೆ" ಅನ್ನುತ್ತಾರೆ. ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಲೀಗಿನಲ್ಲಿ ಫಸ್ಟ್ ಡಿವಿಷನ್ ಆಡಿದವರಿಗೂ ಐದನೇ ಡಿವಿಷನ್ ಆಡಿದವರಿಗೂ ಅಜಗಜಾಂತರ. ಐದನೇ ಡಿವಿಷನ್‌ನವರು ಕಲಿಸಬಾರದು ಅಂತಲ್ಲ. ಕೇಳಿದಾಗ ನೇರವಾಗಿ ಹೇಳುತ್ತಾರಾ ಅಂತ ನೋಡಬೇಕು.

ಕೋರ್ಸ್ ಮಾಡಿದವರು

ಪಟಿಯಾಲದಲ್ಲಿ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ, 1961ರಿಂದ. ಎಲ್ಲರೂ ಕರೆಯುವುದು ಎನ್‌ಐಎಸ್. ನಮ್ಮಲ್ಲಿ ಕೋಚ್ ಅಂದರೆ "ಎನ್‌ಐಎಸ್ ಆಗಿದೆಯಾ?" ಅನ್ನುವುದೇ ಮೊದಲ ಪ್ರಶ್ನೆ. ಇಲ್ಲೊಂದು ಸೂಕ್ಷ್ಮ ಇದೆ. ಎನ್‌ಐಎಸ್ ಡಿಪ್ಲೊಮಾ ಸುಮಾರು ಒಂದು ವರ್ಷದ ಓದು. ಅದೇ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಎರಡನ್ನೂ ಮಾಡಿದವರು "ಎನ್‌ಐಎಸ್" ಅಂತಲೇ ಹೇಳಿಕೊಳ್ಳುತ್ತಾರೆ. ಡಿಪ್ಲೊಮಾನಾ ಸರ್, ಆರು ವಾರದ್ದಾ ಅಂತ ವಿನಯವಾಗಿ ಕೇಳಿ. ಡಿಪ್ಲೊಮಾ ಆದವರು ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ಹೇಳುತ್ತಾರೆ.

ಇದಲ್ಲದೆ ಆಟ ಆಟಕ್ಕೆ ಬೇರೆ ಬೇರೆ ಲೈಸೆನ್ಸ್ ಇವೆ. ಕ್ರಿಕೆಟ್‌ಗೆ ಬಿಸಿಸಿಐನ ಲೆವೆಲ್ 1, 2, 3. ಫುಟ್‌ಬಾಲ್‌ನಲ್ಲಿ ಡಿ, ಸಿ, ಬಿ, ಎ ಅಂತ ಮೇಲೆ ಹೋಗುತ್ತದೆ. ಬ್ಯಾಡ್ಮಿಂಟನ್‌ಗೆ ವಿಶ್ವ ಫೆಡರೇಶನ್ನಿನ ಲೆವೆಲ್‌ಗಳಿವೆ. ಇವುಗಳಿಂದ ಒಂದು ಲಾಭ ಗ್ಯಾರಂಟಿ: ಎಂಟು ವರ್ಷದ ಮಗುವಿನ ಮೈಗೆ ಎಷ್ಟು ಭಾರ ಹಾಕಬಹುದು, ಎಷ್ಟು ಹಾಕಬಾರದು ಅನ್ನುವುದನ್ನು ಯಾರೋ ಅವರಿಗೆ ಕೂರಿಸಿ ಹೇಳಿರುತ್ತಾರೆ.

ಮಗಳ ಈಗಿನ ಕೋಚ್ ಈ ಜಾತಿಯವರು. ಐವತ್ತು ದಾಟಿದೆ. ಆಡಿದ್ದು ರಾಜ್ಯ ಮಟ್ಟದವರೆಗೆ, ಅದೂ ದೊಡ್ಡ ಸಾಧನೆ ಏನಲ್ಲ ಅಂತ ಅವರೇ ನಗುತ್ತಾರೆ. ಮೊದಲ ದಿನ ಅವರು ಮಗಳ ಕೈಗೆ ಶಟಲ್ ಕೊಡಲೇ ಇಲ್ಲ. ಸೀಮೆಸುಣ್ಣ ತಂದು ಕೋರ್ಟಿನ ಮೂಲೆಯಲ್ಲಿ ಒಂದು ಗೀಟು ಎಳೆದರು. "ನಡುವಿನಿಂದ ಹೊರಡು, ಬಲಗಾಲು ಈ ಗೀಟಿನ ಮೇಲೆ ಬೀಳಬೇಕು. ಬಿದ್ದ ಮೇಲೆ ವಾಪಸ್ ಬಾ." ಇಪ್ಪತ್ತು ಸಲ. ಅವಳು ರ‍್ಯಾಕೆಟ್ ಬೀಸಿದಾಗ ಅವರು ರ‍್ಯಾಕೆಟ್ ನೋಡುತ್ತಿರಲಿಲ್ಲ, ತಲೆ ತಗ್ಗಿಸಿ ಎಡಗಾಲಿನ ಹಿಮ್ಮಡಿಯನ್ನೇ ನೋಡುತ್ತಿದ್ದರು. ಕೊನೆಗೆ "ಎಡಗಾಲು ಎಳೆದುಕೊಂಡು ಬರ್ತಿದೆ. ಹಳೇ ಗಾಯ ಏನಾದರೂ ಇದೆಯಾ?" ಅಂತ ನನ್ನ ಕಡೆ ತಿರುಗಿ ಕೇಳಿದರು. ಇತ್ತು. ಎರಡು ವರ್ಷದ ಹಿಂದೆ ಸೈಕಲ್‌ನಿಂದ ಬಿದ್ದಿದ್ದಳು. ನಾವು ಮರೆತೇ ಬಿಟ್ಟಿದ್ದೆವು.

ಇವರ ಕೊರತೆಯನ್ನೂ ಹೇಳಬೇಕು. ಮಗಳು ಸ್ಟೇಟ್ ರ‍್ಯಾಂಕಿಂಗ್ ಟೂರ್ನಿ ಆಡಿ ಮೊದಲ ಸುತ್ತಿನಲ್ಲೇ ಸೋತು ಬಂದಾಗ, ಅಲ್ಲಿನ ಒತ್ತಡ ಹೇಗಿರುತ್ತದೆ ಅಂತ ಒಳಗಿನಿಂದ ಬಲ್ಲವರು ಇವರಲ್ಲ. ಜೊತೆಗೆ ಸ್ಪಾರಿಂಗ್, ಅಂದರೆ ಎದುರು ನಿಂತು ಅಭ್ಯಾಸದ ಪಂದ್ಯ, ಆಡುವ ವಯಸ್ಸು ದಾಟಿದೆ. ಅದಕ್ಕೆ ವಾರಕ್ಕೆರಡು ದಿನ ಒಬ್ಬ ಕಾಲೇಜು ಹುಡುಗನನ್ನು ಕರೆಸುತ್ತಾರೆ.

ದೊಡ್ಡದಾಗಿ ಆಡದವರು ದೊಡ್ಡವರನ್ನು ತಯಾರು ಮಾಡಿದ ಕಥೆ ನಮ್ಮ ದೇಶದಲ್ಲಿ ಬೇಕಾದಷ್ಟಿದೆ. ತೆಂಡೂಲ್ಕರ್ ಅವರ ಗುರು ರಮಾಕಾಂತ್ ಆಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. ಪಿ.ಟಿ. ಉಷಾ ಅವರ ಕೋಚ್ ಓ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದು ಬಂದವರು. ಉಷಾ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರಲ್ಲ, ಅದರ ಮರುವರ್ಷವೇ ಶುರುವಾದ, ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿಯ ಮೊದಲ ಸಾಲಿನಲ್ಲಿ ನಂಬಿಯಾರ್ ಹೆಸರಿತ್ತು.

ಇನ್ನೂ ಆಡುತ್ತಿರುವ ಹುಡುಗರು

ನಮ್ಮ ಮೊದಲ ಕೋಚ್ ಬಿ.ಕಾಂ ಓದುತ್ತಿದ್ದ ಹುಡುಗ. ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್ ಕೋರ್ಟಿನಲ್ಲಿ ಸಂಜೆ ಕಲಿಸುತ್ತಿದ್ದ. ಮಕ್ಕಳು ಅವನನ್ನು ಕೋಚ್ ಅನ್ನುತ್ತಿರಲಿಲ್ಲ, ಅಣ್ಣ ಅನ್ನುತ್ತಿದ್ದರು. ಅವನಿಗೆ ದುಡ್ಡು ಬೇಕಿದ್ದದ್ದು ತನ್ನ ಆಟಕ್ಕೇ. ಟೂರ್ನಿಗೆ ಹೋಗುವ ರೈಲು ಖರ್ಚು, ಶೂಸು, ಎಲ್ಲಕ್ಕಿಂತ ಹೆಚ್ಚಾಗಿ ಶಟಲ್. ಗರಿಯ ಶಟಲ್‌ಗೆ ಹದಿನಾರು ಗರಿ. ಎರಡು ಮುರಿದರೆ ಸಾಕು, ಗಾಳಿಯಲ್ಲಿ ಕುಡಿದವನ ಹಾಗೆ ತೂರಾಡುತ್ತದೆ. ಜೋರು ಆಟಕ್ಕೆ ಒಂದು ಡಬ್ಬಿ ಒಂದೆರಡು ದಿನ ಬಂದರೆ ಹೆಚ್ಚು.

ಏಳೆಂಟು ವರ್ಷದ ಮಕ್ಕಳಿಗೆ ಇಂಥ ಅಣ್ಣ ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ಆಟದ ಹುಚ್ಚು ಹತ್ತಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ತಾವೇ ಇನ್ನೂ ಆ ಹುಚ್ಚಿನಲ್ಲಿರುತ್ತಾರೆ. ತೊಂದರೆ ಒಂದೇ, ಇವರು ಉಳಿಯುವುದಿಲ್ಲ. ಟೂರ್ನಿ ಬಂತು ಅಂತ ಹತ್ತು ದಿನ ಇಲ್ಲ, ಪರೀಕ್ಷೆ ಅಂತ ಒಂದು ತಿಂಗಳು ಇಲ್ಲ. ನಮ್ಮ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿತು, ಒಂದು ಸೋಮವಾರ ಸಿಹಿ ಡಬ್ಬಿ ಕೊಟ್ಟು ಹೋದ. ಮಕ್ಕಳು ಅತ್ತವು. ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಇವರಿಗೆ ಮೂರು ತಿಂಗಳ ಫೀಸ್ ಒಟ್ಟಿಗೆ ಕೊಡಬೇಡಿ, ತಿಂಗಳು ತಿಂಗಳು ಕೊಡಿ. ಅಷ್ಟು ಎಚ್ಚರ ಸಾಕು.

ಪಿಟಿ ಮೇಷ್ಟ್ರು

ಶಾಲೆ ಮುಗಿಸಿ ಸಂಜೆ ಕಲಿಸುವ ದೈಹಿಕ ಶಿಕ್ಷಕರನ್ನು ನಗರದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಪ್ಪು. ಇವರಿಗೆ ಸಂಬಳ ಬರುತ್ತಿರುತ್ತದೆ, ಹಾಗಾಗಿ ನಿಮ್ಮ ಫೀಸಿನ ಮೇಲೆ ಮನೆ ನಡೆಯಬೇಕಾಗಿಲ್ಲ. ಮಗು ಈ ಆಟಕ್ಕೆ ಆಗುವುದಿಲ್ಲ ಅಂದರೆ ಬಾಯಿಬಿಟ್ಟು ಹೇಳುವ ಧೈರ್ಯ ಇವರಿಗಿರುತ್ತದೆ. "ನಿಮ್ಮ ಹುಡುಗ ಓಡ್ತಾನೆ ಸ್ವಾಮಿ, ಬ್ಯಾಟ್ ಬಿಡಿಸಿ ಟ್ರ್ಯಾಕಿಗೆ ಕಳಿಸಿ" ಅಂತ ಹೇಳಿದ ಮೇಷ್ಟ್ರನ್ನು ನಾನು ಕಂಡಿದ್ದೇನೆ. ಅಕಾಡೆಮಿಯಲ್ಲಿ ಈ ಮಾತು ಕೇಳುವುದು ಕಷ್ಟ. ಹಳ್ಳಿ ಕಡೆ ಕಬಡ್ಡಿ, ಖೊಖೊ, ವಾಲಿಬಾಲ್ ಉಳಿದಿರುವುದಕ್ಕೆ ಸಂಜೆ ಮನೆಗೆ ಹೋಗದ ಇಂಥ ಮೇಷ್ಟ್ರುಗಳೇ ದೊಡ್ಡ ಕಾರಣ. ಒಂದು ಆಟದ ಆಳಕ್ಕೆ ಇಳಿಯುವಾಗ ಮಾತ್ರ ಇವರ ಕೈ ಸ್ವಲ್ಪ ಕಟ್ಟಿಹೋಗುತ್ತದೆ. ಆಗ ಮುಂದಿನವರ ಹೆಸರು ಇವರೇ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ.

ಅಕಾಡೆಮಿಯ ಸಂಬಳದ ಕೋಚ್

ಇಲ್ಲಿ ಕೋಚ್‌ಗಿಂತ ಮೊದಲು ಲೆಕ್ಕ ನೋಡಬೇಕು. ಕೋರ್ಟಿನ ಬಾಡಿಗೆ, ಕರೆಂಟು, ಶಟಲ್, ಆಮೇಲೆ ಕೋಚ್ ಸಂಬಳ. ಇದೆಲ್ಲ ಹುಟ್ಟಬೇಕಾದರೆ ಒಂದು ಕೋರ್ಟಿಗೆ ಹೆಚ್ಚು ಮಕ್ಕಳನ್ನು ತುಂಬಬೇಕು. ಒಂದು ಗಂಟೆಗೆ ಹತ್ತು ಮಕ್ಕಳಿದ್ದರೆ, ಕೋಚ್ ಒಬ್ಬೊಬ್ಬರಿಗೇ ಫೀಡಿಂಗ್ ಕೊಟ್ಟರೆ (ಹೊಡೆಯಲು ಒಂದಾದ ಮೇಲೊಂದು ಶಟಲ್ ಹಾಕಿಕೊಟ್ಟರೆ), ನಿಮ್ಮ ಮಗುವಿಗೆ ಸಿಗುವುದು ಆರು ನಿಮಿಷ. ಉಳಿದ 54 ನಿಮಿಷ ಏನು ಮಾಡಿಸುತ್ತಾರೆ ಅನ್ನುವುದರಲ್ಲೇ ಒಳ್ಳೆಯ ಅಕಾಡೆಮಿ, ಕೆಟ್ಟ ಅಕಾಡೆಮಿ ಗೊತ್ತಾಗುತ್ತದೆ. ಒಳ್ಳೆಯ ಕಡೆ ಕಾಯುವ ಮಕ್ಕಳು ಸ್ಕಿಪ್ಪಿಂಗ್ ಮಾಡುತ್ತಿರುತ್ತಾರೆ, ಗೋಡೆಗೆ ಹೊಡೆಯುತ್ತಿರುತ್ತಾರೆ, ಬರೀ ಕೈಯಲ್ಲಿ ಫುಟ್‌ವರ್ಕ್ ಮಾಡುತ್ತಿರುತ್ತಾರೆ. ಕೆಟ್ಟ ಕಡೆ ಸಾಲಿನಲ್ಲಿ ನಿಂತು ರ‍್ಯಾಕೆಟ್‌ನಿಂದ ಒಬ್ಬರಿಗೊಬ್ಬರು ತಿವಿಯುತ್ತಿರುತ್ತಾರೆ.

ಸಂಬಳದ ಕೋಚ್ ಹತ್ತಿರ ಒಂದನ್ನು ಮೆಲ್ಲಗೆ ವಿಚಾರಿಸಿ: ಇಲ್ಲಿ ಎಷ್ಟು ದಿನದಿಂದ ಇದ್ದೀರಿ? ಆರು ತಿಂಗಳಿಗೊಬ್ಬರು ಬದಲಾಗುತ್ತಿದ್ದರೆ ಅಲ್ಲಿ ಸಂಬಳ ಸರಿಯಾಗಿ ಆಗುತ್ತಿಲ್ಲ ಅಂತ ಅರ್ಥ. ಸಂಬಳ ಆಗದವರ ಮನಸ್ಸು ಪಾಠದ ಮೇಲೆ ಎಲ್ಲಿ ಇರುತ್ತದೆ? ಹೊಸ ಅಡ್ಮಿಷನ್ ತಂದರೆ ಕಮಿಷನ್ ಕೊಡುವ ಕಡೆಗಳೂ ಇವೆ. ಅಂಥಲ್ಲಿ ಟ್ರಯಲ್ ಕ್ಲಾಸಿನ ದಿನ ಎಲ್ಲ ಮಕ್ಕಳೂ "ತುಂಬಾ ಟ್ಯಾಲೆಂಟೆಡ್".

ಈಜಿಗೆ ಮಾತ್ರ ಬೇರೆ ಲೆಕ್ಕ. ಒಳ್ಳೆಯ ಪೂಲ್ ಇಲ್ಲದೆ ಕೋಚ್ ಏನೂ ಮಾಡಲಾರರು, ಹಾಗಾಗಿ ಕ್ಲಬ್ಬು, ಸೆಂಟರ್ ಬಿಟ್ಟು ಗತಿಯಿಲ್ಲ. ಬೆಂಗಳೂರು ಇದರಲ್ಲಿ ಅದೃಷ್ಟವಂತ ಊರು. ಇಲ್ಲಿನ ಈಜು ಕೋಚ್‌ಗಳಾದ ನಿಹಾರ್ ಅಮೀನ್ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ 2016ರಲ್ಲಿ ದ್ರೋಣಾಚಾರ್ಯ ಪಡೆದಿದ್ದಾರೆ.

ಅಪ್ಪನೇ ಕೋಚ್

ತಮ್ಮ ಮಗುವಿಗೆ ಕಲಿಸುತ್ತಾ ಪಕ್ಕದ ಮನೆಯ ನಾಲ್ಕು ಮಕ್ಕಳನ್ನೂ ಸೇರಿಸಿಕೊಳ್ಳುವ ಅಪ್ಪಂದಿರು ಇದ್ದಾರೆ. ಶ್ರದ್ಧೆಗೆ ಕೊರತೆ ಇಲ್ಲ, ಯೂಟ್ಯೂಬ್ ಅಷ್ಟೂ ನೋಡಿರುತ್ತಾರೆ. ಆದರೆ ಆ ನೆಟ್ಸ್‌ನಲ್ಲಿ ಮೊದಲು ಬ್ಯಾಟಿಂಗ್ ಮಾಡುವುದು ಯಾರ ಮಗ ಅಂತ ನಿಮಗೆ ಗೊತ್ತೇ ಇದೆ. ಬೇಸಿಗೆ ರಜೆಗೆ ಸರಿ.

ಹಾಗಾದರೆ ಯಾರಿಗೆ ಯಾರು?

ನನ್ನನ್ನು ಕೇಳಿದರೆ, ಹತ್ತು ವರ್ಷದೊಳಗಿನ ಮಗುವಿಗೆ ಕಾಲೇಜು ಅಣ್ಣ ಇಲ್ಲವೇ ಪಿಟಿ ಮೇಷ್ಟ್ರು. ಹತ್ತರಿಂದ ಹದಿನಾಲ್ಕಕ್ಕೆ ಡಿಪ್ಲೊಮಾ ಅಥವಾ ಲೈಸೆನ್ಸ್ ಇರುವವರು, ಅವರು ಆಡಿದ ಮಟ್ಟ ಯಾವುದಾದರೂ ಸರಿ. ಈ ವಯಸ್ಸಿನಲ್ಲೇ ಮೈ ಬೆಳೆಯುವುದು, ಮೈ ಕೆಡುವುದೂ ಇಲ್ಲೇ. ಮಗು ರಾಜ್ಯ ಮಟ್ಟದಲ್ಲಿ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಮುಟ್ಟಲು ಶುರು ಮಾಡಿದ ಮೇಲೆ ದೊಡ್ಡ ಆಟಗಾರರ ಹತ್ತಿರ ಹೋಗಿ. ಆಗ ಅವರಿಗೂ ನಿಮ್ಮ ಮಗು ಬೇಕಾಗಿರುತ್ತದೆ. ನಾವು ಈ ಸಾಲನ್ನು ತಿರುಗಿಸಿ ಎರಡು ವರ್ಷ ಕಳೆದುಕೊಂಡೆವು.

ಸಿಇಟಿ ಸ್ಪೋರ್ಟ್ಸ್ ಕೋಟಾ ಮನಸ್ಸಿನಲ್ಲಿಟ್ಟುಕೊಂಡು ಬರುವವರು ಅದನ್ನು ಮೊದಲೇ ಕೋಚ್‌ಗೆ ಹೇಳಿಬಿಡಿ, ನಾಚಿಕೆ ಬೇಡ. ಯಾವ ಕೂಟದ ಸರ್ಟಿಫಿಕೇಟ್ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ನೀವೇ ಆ ವರ್ಷದ ನಿಯಮ ಓದಿಕೊಳ್ಳಿ. ಕೋಚ್ ಬಾಯಿಮಾತು ನಂಬಿಕೊಂಡು ಕೂರಬೇಡಿ.

ಇನ್ನು ನನ್ನ ಹಾಗೆ ನಲವತ್ತೈದು ದಾಟಿ ಹೊಟ್ಟೆ ಕರಗಿಸಲು ಕೋಚ್ ಹುಡುಕುವವರಿಗೆ ಒಂದೇ ಮಾತು: ಮೊದಲ ದಿನ ಬಿಪಿ, ಮಂಡಿ, ಬೆನ್ನು ಕೇಳದವರ ಹತ್ತಿರ ಎರಡನೇ ದಿನ ಹೋಗಬೇಡಿ.

ಟ್ರಯಲ್ ಕ್ಲಾಸಿನಲ್ಲಿ ಏನು ನೋಡಬೇಕು

ನಿಮ್ಮ ಮಗುವನ್ನು ನೋಡುವುದನ್ನು ಬಿಡಿ, ಅವತ್ತು ಎಲ್ಲರೂ ಚೆನ್ನಾಗಿಯೇ ನಡೆದುಕೊಳ್ಳುತ್ತಾರೆ. ಅರ್ಧ ಗಂಟೆ ಮುಂಚೆ ಹೋಗಿ ಹಿಂದಿನ ಬ್ಯಾಚ್ ನೋಡಿ. ಮಕ್ಕಳ ಹೆಸರು ಕೋಚ್ ಬಾಯಲ್ಲಿ ಬರುತ್ತಿದೆಯಾ, ಅಥವಾ "ಏಯ್ ನೀಲಿ ಶರ್ಟ್" ಅಂತಿದ್ದಾರಾ? ಫೋನ್ ಜೇಬಿನಲ್ಲಿದೆಯಾ, ಕೈಯಲ್ಲಿದೆಯಾ? ಸೋತ ಮಗುವಿಗೆ ಏನಂದರು? ನಮ್ಮ ಈಗಿನ ಕೋಚ್ ಬ್ಯಾಚ್ ಮುಗಿದ ಮೇಲೆ ಹತ್ತು ನಿಮಿಷ ಕೂತು, ಆಡಿದ ಶಟಲ್‌ಗಳನ್ನು ಮೂರು ಗುಂಪು ಮಾಡುತ್ತಾರೆ. ಪಂದ್ಯಕ್ಕೆ, ಫೀಡಿಂಗ್‌ಗೆ, ಎಸೆಯುವುದಕ್ಕೆ. ಅವರ ಕೆಲಸದ ಬಗ್ಗೆ ನನಗೆ ನಂಬಿಕೆ ಬಂದದ್ದು ಅದನ್ನು ನೋಡಿ.

ಕೆಲವು ಮಾತು ಕಿವಿಗೆ ಬಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. "ಸೆಲೆಕ್ಷನ್ ನಾನು ಮಾಡಿಸ್ತೀನಿ" ಅನ್ನುವುದು ಒಂದು. "ಬರ್ತ್ ಸರ್ಟಿಫಿಕೇಟ್‌ನಲ್ಲಿ ಒಂದು ವರ್ಷ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವುದು ಇನ್ನೊಂದು. ಕ್ರಿಕೆಟ್‌ನಲ್ಲಿ ಈಗ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತಾರೆ, ಸಿಕ್ಕಿಬಿದ್ದರೆ ನಿಷೇಧ ಅನುಭವಿಸುವುದು ಮಗು. ಮೂರನೆಯದು, "ಪೇರೆಂಟ್ಸ್ ಒಳಗೆ ಬರಬಾರದು, ನೋಡಬಾರದು." ಮಧ್ಯೆ ಬಾಯಿ ಹಾಕಬೇಡಿ ಅಂದರೆ ಅದು ನ್ಯಾಯ. ನೋಡಲೇಬಾರದು ಅಂದರೆ ಅನುಮಾನಪಡಿ. ಹಿಡಿತ ಸರಿ ಮಾಡಲು ಕೋಚ್ ಮಗುವಿನ ಕೈ ಮುಟ್ಟಬೇಕಾಗುತ್ತದೆ, ಅದು ನಾಲ್ಕು ಜನರ ಎದುರಿಗೆ ಆಗಲಿ. ರಾತ್ರಿ ಹೊತ್ತು ಮಗುವಿಗೆ ನೇರವಾಗಿ ಮೆಸೇಜ್ ಬೇಡ, ನಿಮ್ಮ ಫೋನಿಗೆ ಬರಲಿ. ಹೊರ ಊರಿನ ಟೂರ್ನಿಗೆ ಕಳಿಸುವಾಗ ಯಾರು ಯಾವ ರೂಮಿನಲ್ಲಿ ಅಂತ ಮೊದಲೇ ಕೇಳಿ. ಏನಾದರೂ ಸರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, 2012ರ ಪೋಕ್ಸೊ ಕಾಯ್ದೆ ಇದೆ. ಒಳ್ಳೆಯ ಕೋಚ್‌ಗಳು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಅವರಿಗೂ ಮಕ್ಕಳಿರುತ್ತಾರೆ.

ಬಿಡುವುದು ಹೇಗೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೋಚ್ ಬದಲಿಸುವವರನ್ನು ನೋಡಿದ್ದೇನೆ, ಹತ್ತು ಕಡೆ ಬಾವಿ ತೋಡಿದ ಹಾಗೆ. ಕೊನೆಯ ಪಕ್ಷ ಒಂದು ವರ್ಷ ಕೊಡಿ, ಮೈಗೆ ನೋವಾಗುತ್ತಿದ್ದರೆ ಮಾತ್ರ ಕಾಯಬೇಡಿ. ಬಿಡುವುದೇ ಆದರೆ ಫೋನ್ ಎತ್ತದೆ ಮಾಯವಾಗಬೇಡಿ. ಕೋಚ್‌ಗಳ ಜಗತ್ತು ಚಿಕ್ಕದು. ನಾಳೆ ಟೂರ್ನಿಯಲ್ಲಿ ಎದುರಿನ ಕೋರ್ಟಿನಲ್ಲಿ ಅವರೇ ನಿಂತಿರುತ್ತಾರೆ.

ನಾನು ಎರಡನೇ ಕೋಚ್‌ಗೆ ಹೇಳಲು ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಬಾಕಿ ಫೀಸ್ ಕೊಟ್ಟೆ. ಅವರು ಎಣಿಸದೆ ಜೇಬಿಗೆ ಹಾಕಿಕೊಂಡರು. ಒಂದು ನಿಮಿಷ ಸುಮ್ಮನಿದ್ದು, ಮಗಳ ರ‍್ಯಾಕೆಟ್ ಇಸಿದುಕೊಂಡು ಅದರ ಗ್ರಿಪ್ ಬಿಚ್ಚಿ ಹೊಸದು ಸುತ್ತಿ ಕೊಟ್ಟರು. "ಬ್ಯಾಕ್‌ಹ್ಯಾಂಡ್ ಚೆನ್ನಾಗಿದೆ, ಬಿಡಬೇಡ" ಅಂದರು. ಅಷ್ಟು ತಿಂಗಳಲ್ಲಿ ಅವರು ಅವಳಿಗೆ ಬಿಡಿಸಿ ಹೇಳಿದ ಮೊದಲ ಮಾತು ಅದು. ಈಗಲೂ ಟೂರ್ನಿಯಲ್ಲಿ ಸಿಕ್ಕರೆ ಅವಳು ಓಡಿಹೋಗಿ ನಮಸ್ಕಾರ ಹೇಳಿ ಬರುತ್ತಾಳೆ.